ಹೆದ್ದಾರಿ ಬದಿಯ ಫಲಕ ಹೇಳುವ ‘ಬ್ಯಾಪ್ಟಿಸ್ಟ್ ಅಸೋಸಿಯೇಷನ್’ ಅಂದರೆ ಏನು?

ಓದುಗರ ಪ್ರಶ್ನೆ: ಅಮೆರಿಕದ ನಾರ್ತ್ ಕ್ಯಾರೊಲಿನಾದಲ್ಲಿರುವ ಮಗಳ ಮನೆಗೆ ಹೋಗಿದ್ದಾಗ ರಸ್ತೆ ಬದಿಯಲ್ಲಿ ಸ್ಯಾಂಡಿ ಕ್ರೀಕ್ ಎಂಬ ಹಳೆಯ ಬ್ಯಾಪ್ಟಿಸ್ಟ್ ಸಭೆಯ (ಚರ್ಚಿನ) ಫಲಕ ನೋಡಿದೆ. ಅಲ್ಲಿಂದಲೇ ಒಂದು ‘ಅಸೋಸಿಯೇಷನ್’ ಹುಟ್ಟಿತು ಅಂದರು ಅಳಿಯ. ಇದು ನಮ್ಮ ಸಿಎಸ್‌ಐ (ದಕ್ಷಿಣ ಭಾರತ ಸಭೆ) ಡಯಾಸಿಸ್ ಇದ್ದ ಹಾಗೆಯೇ? ಚರ್ಚಿನ ವಿಷಯಕ್ಕೆ ಸರ್ಕಾರ ಯಾಕೆ ಬೋರ್ಡು ಹಾಕುತ್ತದೆ?

ಡಯಾಸಿಸ್ ಇದ್ದ ಹಾಗಲ್ಲ, ಹೆಚ್ಚುಕಡಿಮೆ ಅದರ ತಿರುವುಮುರುವು. ಡಯಾಸಿಸ್ ಅಂದರೆ ಒಂದು ಪ್ರಾಂತದ ಚರ್ಚುಗಳ ಆಡಳಿತ; ಅದಕ್ಕೆ ಬಿಷಪ್ ಇರುತ್ತಾರೆ, ಪಾದ್ರಿಗಳಿಗೆ ವರ್ಗಾವಣೆ ಇರುತ್ತದೆ. ಬ್ಯಾಪ್ಟಿಸ್ಟರಲ್ಲಿ (ನಂಬಿಕೆ ಒಪ್ಪಿಕೊಂಡವರಿಗಷ್ಟೇ ದೀಕ್ಷಾಸ್ನಾನ ಕೊಡುವ ಪ್ರೊಟೆಸ್ಟೆಂಟ್ ಪಂಥದವರು) ಸಭಾಪಾಲಕರನ್ನು, ಅಂದರೆ ಪಾದ್ರಿಗಳನ್ನು, ಆರಿಸುವುದೂ ಬೇಡವಾದರೆ ಕಳಿಸುವುದೂ ಆಯಾ ಸಭೆಯ ಸದಸ್ಯರೇ. ಸುತ್ತಮುತ್ತಲಿನ ಇಂಥ ಸಭೆಗಳು ಪ್ರತಿನಿಧಿಗಳನ್ನು ಕಳಿಸಿ, ಸಾಮಾನ್ಯವಾಗಿ ವರ್ಷಕ್ಕೊಮ್ಮೆ ಸೇರುವ ಕೂಟವೇ ಅಸೋಸಿಯೇಷನ್. ಹಳೆಯ ಕಾಲದಲ್ಲಿ ಪ್ರತಿ ಸಭೆಯಿಂದಲೂ ಒಂದು ಪತ್ರ ಬರುತ್ತಿತ್ತು: ಎಷ್ಟು ಜನಕ್ಕೆ ದೀಕ್ಷಾಸ್ನಾನವಾಯಿತು, ಎಷ್ಟು ಮಂದಿ ತೀರಿಕೊಂಡರು, ಯಾವ ತಕರಾರಿಗೆ ಸಲಹೆ ಬೇಕು. ಕೂಟ ಸಲಹೆ ಕೊಡಬಹುದು; ತೀರಾ ಒಗ್ಗದ ಸಭೆಯನ್ನು ತನ್ನಿಂದ ಹೊರಗಿಡಬಹುದು. ಅದರ ಅಧಿಕಾರ ಅಲ್ಲಿಗೆ ಮುಗಿಯಿತು.

ಹಾಗಂತ ಕೈಲಾಗದ ಕೂಟವೇನಲ್ಲ. ಇಂಗ್ಲೆಂಡಿನ ನಾರ್ಥಾಂಪ್ಟನ್‌ಶೈರ್ ಅಸೋಸಿಯೇಷನ್ನಿನ ಪಾದ್ರಿಗಳ ನಡುವೆಯೇ 1792ರಲ್ಲಿ ಬ್ಯಾಪ್ಟಿಸ್ಟ್ ಮಿಷನ್ (ಧರ್ಮಪ್ರಚಾರ ಸಂಘ) ಹುಟ್ಟಿದ್ದು, ಮರುವರ್ಷ ಅದರ ಪ್ರಚಾರಕ ವಿಲಿಯಂ ಕೇರಿ ಬಂಗಾಳಕ್ಕೆ ಬಂದಿಳಿದದ್ದು. 1817ರಲ್ಲಿ ಬಂಗಾಳದ ಶ್ರೀರಾಮಪುರದಲ್ಲಿ ಕನ್ನಡ ವ್ಯಾಕರಣವೊಂದನ್ನು ಅಚ್ಚುಹಾಕಿಸಿದ ಕೇರಿ ಇವರೇ.

ಇನ್ನು ನೀವು ನೋಡಿದ ಸ್ಯಾಂಡಿ ಕ್ರೀಕ್. ಬಾಸ್ಟನ್‌ನಲ್ಲಿ ಹುಟ್ಟಿದ ಶೂಬಲ್ ಸ್ಟರ್ನ್ಸ್ 1755ರಲ್ಲಿ ತಮ್ಮವರನ್ನು ಕಟ್ಟಿಕೊಂಡು ಇಲ್ಲಿಗೆ ಬಂದು 16 ಜನರ ಸಭೆ ಶುರುಮಾಡಿದರು. ಅದು 606ಕ್ಕೆ ಬೆಳೆಯಿತು. 1758ರಲ್ಲಿ ಅಸೋಸಿಯೇಷನ್ ಆಯಿತು. ವರ್ಜೀನಿಯಾ ಮತ್ತು ಎರಡೂ ಕ್ಯಾರೊಲಿನಾಗಳ ಸಭೆಗಳು ಅದರೊಳಗೆ ಬಂದವು.

ಇವರದೊಂದು ಪಟ್ಟು ಇತ್ತು. ಬಹುಮತ ಸಾಲದು, ಏನೇ ತೀರ್ಮಾನವಾದರೂ ಎಲ್ಲರೂ ಒಪ್ಪಬೇಕು. ಕೇಳಲು ಚೆನ್ನಾಗಿದೆ, ನಮ್ಮ ಅಪಾರ್ಟ್‌ಮೆಂಟ್ ಸಂಘದ ಮೀಟಿಂಗಿನಲ್ಲಿ ಕೂತವರಿಗೆ ಮುಂದಿನ ಕಥೆ ಗೊತ್ತೇ ಇದೆ. 1770ರಲ್ಲಿ ಸೇರಿದಾಗ ಮೊದಲ ದಿನ ಯಾವುದಕ್ಕೂ ಒಮ್ಮತ ಬರಲಿಲ್ಲ. ಎರಡನೇ ದಿನ ಉಪವಾಸವಿದ್ದು ಪ್ರಾರ್ಥನೆ ಮಾಡಿದರು, ಆದರೂ ಕೂಟ ನಡೆಸುವ ಅಧ್ಯಕ್ಷರನ್ನು ಆರಿಸುವುದಕ್ಕೂ ಆಗಲಿಲ್ಲ. ಮೂರನೇ ದಿನ ಕೊನೆಗೂ ಎಲ್ಲರೂ ಒಂದು ವಿಷಯಕ್ಕೆ ಒಪ್ಪಿದರು: ಮೂರು ಪಾಲಾಗೋಣ!

ಮುಂದಿನ ಪೆಟ್ಟು ಹೊರಗಿನಿಂದ ಬಂತು. ತೆರಿಗೆ ಮತ್ತು ಅಧಿಕಾರಿಗಳ ಸುಲಿಗೆಯ ವಿರುದ್ಧ ಎದ್ದ ‘ರೆಗ್ಯುಲೇಟರ್’ ರೈತರನ್ನು ಆಗಿನ ಬ್ರಿಟಿಷ್ ವಸಾಹತಿನ ಗವರ್ನರ್ ಟ್ರಯಾನ್‌ನ ಪಡೆ 1771ರ ಮೇ 16ರಂದು ಅಲಮ್ಯಾನ್ಸ್‌ನಲ್ಲಿ ಸೋಲಿಸಿತು. ಆ ಸೀಮೆಯ ಜನ ಗುಳೆ ಎದ್ದರು. ಸಭೆಯಲ್ಲಿ ಉಳಿದವರು 14. ಅದೇ ವರ್ಷ ಸ್ಟರ್ನ್ಸ್ ಕೂಡ ತೀರಿಕೊಂಡರು. ಆದರೆ ಹೊರಟವರು ತಮ್ಮ ರೀತಿಯ ಬೋಧನೆಯನ್ನೂ ಜೊತೆಗೆ ಒಯ್ದಿದ್ದರು. ಆ ಹೊತ್ತಿಗಾಗಲೇ, 17 ವರ್ಷಗಳಲ್ಲಿ, ಈ ಒಂದು ಸಭೆಯಿಂದ 42 ಸಭೆಗಳೂ 125 ಬೋಧಕರೂ ಹುಟ್ಟಿದ್ದರೆಂದು 1772ರಲ್ಲಿ ಅಲ್ಲಿಗೆ ಬಂದ ಬ್ಯಾಪ್ಟಿಸ್ಟ್ ಇತಿಹಾಸಕಾರ ಮೋರ್ಗನ್ ಎಡ್ವರ್ಡ್ಸ್ ಬರೆದಿಟ್ಟರು.

ಸರ್ಕಾರ ಬೋರ್ಡು ಹಾಕಿದ್ದು ಈ ಚರಿತ್ರೆಗೆ, ಧರ್ಮಕ್ಕಲ್ಲ. ನಾರ್ತ್ ಕ್ಯಾರೊಲಿನಾದ ಫಲಕ ಯೋಜನೆ 1935ರದು. ಯುದ್ಧ, ಕಾರ್ಖಾನೆ, ಶಾಲೆಗಳ ಜೊತೆ ಚರ್ಚುಗಳಿಗೂ ಅದರಲ್ಲಿ ಜಾಗ. ಬೆಳ್ಳಿ ಬಣ್ಣದ ತಗಡು, ಕಪ್ಪು ಅಕ್ಷರ, ಮೇಲೆ ರಾಜ್ಯದ ಮುದ್ರೆ. ಕಾರಿನಲ್ಲಿ ಹೋಗುವವರೂ ಓದುವಂತಿರಬೇಕು, ಹಾಗಾಗಿ ಬರಹ ನಾಲ್ಕಾರು ಸಾಲು ಮೀರುವುದಿಲ್ಲ. ಮೂರು ದಿನದ ಆ ಜಗಳಕ್ಕೆ ಅಲ್ಲಿ ಜಾಗವೆಲ್ಲಿ?

ಇನ್ನೊಮ್ಮೆ ಹೋದಾಗ ಇಂಥ ಫಲಕಗಳ ಕೊನೆಯ ಸಾಲು ತಪ್ಪದೆ ನೋಡಿ. ಎಷ್ಟೋ ಸಲ ಫಲಕ ಹೆದ್ದಾರಿಯಲ್ಲಿ, ಜಾಗ ಒಳದಾರಿಯಲ್ಲಿ; ಎಷ್ಟು ಮೈಲಿ, ಯಾವ ದಿಕ್ಕು ಅಂತ ಅಲ್ಲೇ ಬರೆದಿರುತ್ತದೆ. ಸ್ಯಾಂಡಿ ಕ್ರೀಕ್‌ನಲ್ಲಾದರೆ ಮರದ ದಿಮ್ಮಿಗಳ ಹಳೆಯ ಪ್ರಾರ್ಥನಾ ಮನೆಯೂ ಸ್ಟರ್ನ್ಸ್ ಅವರ ಸಮಾಧಿಯೂ ನೋಡಸಿಗುತ್ತವೆ.