ಉಲ್ಕೆಯ ಗೆರೆಗಳಿಂದ ನಮ್ಮ ಲ್ಯಾಬಿನ ನೈಟಾಲ್ ಬಾಟಲಿವರೆಗೆ

ಹುಬ್ಬಳ್ಳಿಯ ಗೋಕುಲ ರಸ್ತೆಯ ಒಂದು ಫೌಂಡ್ರಿ ಲ್ಯಾಬಿನಲ್ಲಿ ದಿನಾ ನನ್ನದು ಇದೇ ಕೆಲಸ. ಎರಕದ ತುಂಡು ಕತ್ತರಿಸಬೇಕು, ಕನ್ನಡಿ ಹಾಗೆ ತಿಕ್ಕಬೇಕು, ನೈಟಾಲ್ ಸವರಬೇಕು, ಸೂಕ್ಷ್ಮದರ್ಶಕದಲ್ಲಿ ನೋಡಬೇಕು. ನೈಟಾಲ್ ಅಂದರೆ ಸ್ಪಿರಿಟ್‌ನಲ್ಲಿ ಸ್ವಲ್ಪ ನೈಟ್ರಿಕ್ ಆಸಿಡ್. ಈ ಪದ್ಧತಿ ಎಲ್ಲಿಂದ ಬಂತು ಅಂತ ನಾನು ಯಾವತ್ತೂ ಯೋಚಿಸಿರಲಿಲ್ಲ.

ಕಳೆದ ವರ್ಷ ಗೆಳೆಯರೊಬ್ಬರು ಸ್ವೀಡನ್ನಿನ ಮುವೊನಿಯೊನಲುಸ್ಟಾ ಉಲ್ಕೆಯ ಬಿಲ್ಲೆಯೊಂದನ್ನು ತಂದರು. ಬೆಂಕಿಪೊಟ್ಟಣದಷ್ಟು ಅಗಲ. ಪಾಲಿಶ್ ಮಾಡಿದ ಮೇಲೂ ಬರೀ ಸ್ಟೀಲ್ ತುಂಡಿನಂತೆ ಕಾಣುತ್ತಿತ್ತು. ನೈಟಾಲ್ ಹಾಕಿ ಬ್ರಷ್ ಆಡಿಸಿದೆ. ಮೊದಲು ಏನೂ ಇಲ್ಲ. ಆಮೇಲೆ ಬಾಯಿಂದ ಉಸಿರು ಬಿಟ್ಟ ಗಾಜಿನಂತೆ ಮಸುಕಾಯಿತು, ಆ ಮಸುಕಿನೊಳಗಿಂದ ಒಂದನ್ನೊಂದು ಹಾಯ್ದು ಹೋಗುವ ಸಣ್ಣ ಪಟ್ಟಿಗಳು ಮೇಲೆದ್ದವು, ಬಿಲ್ಲೆ ಸ್ವಲ್ಪ ವಾಲಿಸಿದರೆ ಹೊಳೆಯುತ್ತಿದ್ದ ಪಟ್ಟಿ ಕಪ್ಪಾಗಿ ಪಕ್ಕದ್ದು ಬೆಳಗುತ್ತಿತ್ತು. ಬರಿಗಣ್ಣಿಗೇ!

ಆಸಿಡ್ ಹೊಸದಾಗಿ ಏನನ್ನೂ ಬರೆಯುವುದಿಲ್ಲ. ಇಂಥ ಲೋಹದ ಉಲ್ಕೆಯೊಳಗೆ ಕಬ್ಬಿಣ–ನಿಕಲ್‌ನ ಎರಡು ಬಗೆ ಇರುತ್ತವೆ. ನಿಕಲ್ ಕಡಿಮೆ ಇರುವ ಕಾಮಸೈಟ್ ಬೇಗ ಕರಗುತ್ತದೆ, ನಿಕಲ್ ಜಾಸ್ತಿ ಇರುವ ಟೇನೈಟ್ ತಡೆದುಕೊಂಡು ಹೊಳೆಯುವ ಗೆರೆಯಾಗಿ ಉಳಿಯುತ್ತದೆ. ಯಾವುದೋ ಕ್ಷುದ್ರಗ್ರಹದ ಹೊಟ್ಟೆಯಲ್ಲಿ ಈ ಲೋಹ ಒಂದೇ ಒಂದು ಡಿಗ್ರಿ ತಣಿಯಲು 100ರಿಂದ 10,000 ವರ್ಷ ಹಿಡಿದಿರುತ್ತದೆ. ನಮ್ಮ ಎರಕ ಒಂದು ರಾತ್ರಿಯಲ್ಲಿ ತಣ್ಣಗಾಗುತ್ತದೆ. ಬರಿಗಣ್ಣಿಗೆ ಕಾಣುವಷ್ಟು ಅಗಲದ ಇಂಥ ಪಟ್ಟಿ ಯಾವ ಕುಲುಮೆಯಿಂದಲೂ ಬರುವುದಿಲ್ಲ, ಅಲ್ವಾ?

ಇದನ್ನು ಮೊದಲು ಕಂಡು ಪ್ರಕಟಿಸಿದವರು ನೇಪಲ್ಸ್‌ನಲ್ಲಿದ್ದ ಇಂಗ್ಲಿಷಿನವರು, ವಿಲಿಯಂ ಥಾಮ್ಸನ್. ಸೈಬೀರಿಯಾದ ಕ್ರಾಸ್ನೊಯಾರ್ಸ್ಕ್ ಉಲ್ಕೆಗೆ ಹಿಡಿದ ತುಕ್ಕು ತೆಗೆಯಲು ನೈಟ್ರಿಕ್ ಆಸಿಡ್ ಹಾಕಿದ್ದರು, ಗೆರೆಗಳು ಎದ್ದವು. 1804ರಲ್ಲಿ ಫ್ರೆಂಚ್‌ನಲ್ಲಿ ಬರೆದರು. 1806ರಲ್ಲಿ ತೀರಿಕೊಂಡರು. ಎರಡು ವರ್ಷದ ನಂತರ ವಿಯೆನ್ನಾದಲ್ಲಿ, ಅರಮನೆಯ ಪಿಂಗಾಣಿ ಕಾರ್ಖಾನೆ ನೋಡಿಕೊಳ್ಳುತ್ತಿದ್ದ ಅಲೋಯಿಸ್ ಫೊನ್ ವಿಡ್ಮನ್‌ಸ್ಟಾಟನ್, 1751ರಲ್ಲಿ ಕ್ರೊಯೇಷಿಯಾದ ಹ್ರಾಶ್ಚಿನಾದಲ್ಲಿ ಬಿದ್ದ ಉಲ್ಕೆಯ ತುಂಡನ್ನು ಬೆಂಕಿಯಲ್ಲಿ ಕಾಯಿಸಿದಾಗ ಅದೇ ವಿನ್ಯಾಸ ಕಂಡಿತು. ಅವರು ಅದನ್ನು ಪ್ರಕಟಿಸಲಿಲ್ಲ. ಅಲ್ಲಿನ ಅರಮನೆಯ ನಿಸರ್ಗ ಸಂಗ್ರಹಾಲಯ ನೋಡಿಕೊಳ್ಳುತ್ತಿದ್ದ ಕಾರ್ಲ್ ಫೊನ್ ಶ್ರೈಬರ್ಸ್ 1820ರಲ್ಲಿ ಪುಸ್ತಕ ತಂದರು, ಆಸಿಡ್ ಹಾಕಿದ ಉಲ್ಕೆಗೇ ಮಸಿ ಬಳಿದು ಕಾಗದಕ್ಕೆ ಒತ್ತಿ ಚಿತ್ರ ತೆಗೆದಿದ್ದರು! ಈ ವಿನ್ಯಾಸಕ್ಕೆ ಹೆಸರು ಮಾತ್ರ ವಿಡ್ಮನ್‌ಸ್ಟಾಟನ್‌ದಾಯಿತು. ಥಾಮ್ಸನ್‌ಗೆ ಅನ್ಯಾಯವಾಗಿದೆ ಅಂತಲೇ ನನ್ನ ಅಭಿಪ್ರಾಯ.

ಇಲ್ಲಿಂದ ಕಥೆ ನಮ್ಮ ಲ್ಯಾಬಿನ ಕಡೆ ತಿರುಗುತ್ತದೆ. ಇಂಗ್ಲೆಂಡಿನ ಶೆಫೀಲ್ಡ್‌ನಲ್ಲಿ ಹೆನ್ರಿ ಕ್ಲಿಫ್ಟನ್ ಸೋರ್ಬಿ ಉಲ್ಕೆಗಳನ್ನು ಅಭ್ಯಾಸ ಮಾಡುತ್ತಿದ್ದರು. 1863ರ ಹೊತ್ತಿಗೆ ಅದೇ ರೀತಿ ಸ್ಟೀಲನ್ನೂ ತಿಕ್ಕಿ, ಆಸಿಡ್ ಹಾಕಿ, ಸೂಕ್ಷ್ಮದರ್ಶಕದ ಕೆಳಗೆ ಇಟ್ಟರು. ಲೋಹದ ಒಳರಚನೆ ನೋಡುವ ವಿದ್ಯೆ ಶುರುವಾಗಿದ್ದೇ ಹಾಗೆ. ಈಗ ಸ್ಟೀಲ್ ಎರಕದಲ್ಲಿ ಸೂಜಿಯಂಥ ಗೆರೆ ಕಂಡರೆ ನಾವು ರಿಪೋರ್ಟಿನಲ್ಲಿ ‘ವಿಡ್ಮನ್‌ಸ್ಟಾಟನ್’ ಅಂತ ಬರೆಯುತ್ತೇವೆ, ಮತ್ತೆ ಕಾಯಿಸಿ ಸರಿ ಮಾಡಿ ಅಂತ ವಾಪಸ್ ಕಳಿಸುತ್ತೇವೆ. ನಮಗೆ ಅದು ದೋಷ.

ಆಸಿಡ್ ಹಾಕುವುದಕ್ಕೆ ಎಲ್ಲ ಉಲ್ಕೆಯೂ ಸರಿಹೋಗುವುದಿಲ್ಲ. ಮುವೊನಿಯೊನಲುಸ್ಟಾ, ನಮೀಬಿಯಾದ ಗಿಬಿಯನ್ ಎರಡರಲ್ಲೂ ಪಟ್ಟಿ ಸಣ್ಣ, ಚಿಕ್ಕ ಬಿಲ್ಲೆಯಲ್ಲೂ ಚೆನ್ನಾಗಿ ಕಾಣುತ್ತದೆ. 1947ರಲ್ಲಿ ರಷ್ಯಾದಲ್ಲಿ ಬಿದ್ದ ಸಿಖೋಟೆ ಅಲಿನ್‌ನ ಪಟ್ಟಿ ತೀರಾ ಅಗಲ, ಸಣ್ಣ ತುಂಡಿನಲ್ಲಿ ವಿನ್ಯಾಸವೇ ಗೊತ್ತಾಗುವುದಿಲ್ಲ. ಸುಮಾರು 60 ಟನ್ ತೂಕದ ಹೋಬಾದಲ್ಲಿ ನಿಕಲ್ ಜಾಸ್ತಿ, ಅಲ್ಲಿ ಕಣ್ಣಿಗೆ ಕಾಣುವ ಪಟ್ಟಿಯೇ ಇಲ್ಲ. ಅರ್ಜೆಂಟೀನಾದ ಕ್ಯಾಂಪೊ ಡೆಲ್ ಸಿಯೆಲೊಗೆ ತುಕ್ಕಿನ ಕಾಟ. ಯಾವುದೇ ಆಗಲಿ, ಕೊನೆಗೆ ಸೋಡಾ ನೀರಿನಲ್ಲಿ ಆಸಿಡ್ ಪೂರ್ತಿ ತೊಳೆಯಬೇಕು, ಸ್ಪಿರಿಟ್‌ನಲ್ಲಿ ಒರೆಸಿ ಒಣಗಿಸಬೇಕು, ತೆಳುವಾಗಿ ಎಣ್ಣೆ ಹಚ್ಚಬೇಕು. ನೈಟಾಲ್ ಬೆರೆಸುವ ಕೆಲಸ ಮಾತ್ರ ಮನೆಯಲ್ಲಿ ಬೇಡ, ಆಸಿಡ್ ಜಾಸ್ತಿಯಾದರೆ ಮುಚ್ಚಿದ ಬಾಟಲಿ ಸಿಡಿಯುತ್ತದೆ.

ಇದೆಲ್ಲ ಗೊತ್ತಾದ ಮೇಲೆ ಕಪ್ಪತಗುಡ್ಡದ ಕಡೆಯ ರೈತರೊಬ್ಬರು ಹೊಲದಲ್ಲಿ ಸಿಕ್ಕ ಕಪ್ಪು ಕಲ್ಲನ್ನು ಟವೆಲ್‌ನಲ್ಲಿ ಸುತ್ತಿ ತಂದರು. ‘ಆಕಾಶದಿಂದ ಬಿದ್ದದ್ದು ಇರಬೇಕ್ರಿ, ಅಯಸ್ಕಾಂತ ಹಿಡಿತೈತಿ’ ಅಂದರು. ಕತ್ತರಿಸಿದೆ. ಒಳಗೆಲ್ಲ ಗುಳ್ಳೆ ತೂತುಗಳು. ನೈಟಾಲ್ ಹಾಕಿದರೂ ಒಂದೂ ಗೆರೆ ಬರಲಿಲ್ಲ. ಅದು ಹಿಂದೆಂದೋ ಕಬ್ಬಿಣ ಕರಗಿಸಿದವರು ಬಿಟ್ಟುಹೋದ ಕಿಟ್ಟ. ಸ್ವೀಡನ್ನಿನ ಬಿಲ್ಲೆ ಅವರ ಕೈಗೆ ಕೊಟ್ಟೆ. ಕಿಟಕಿ ಹತ್ತಿರ ಹೋಗಿ ಆ ಕಡೆ ಈ ಕಡೆ ವಾಲಿಸುತ್ತಾ ನಿಂತರು. ಹೋಗುವಾಗ ಕಿಟ್ಟದ ಎರಡು ತುಂಡನ್ನೂ ಅದೇ ಟವೆಲ್‌ನಲ್ಲಿ ಜೋಪಾನವಾಗಿ ಸುತ್ತಿಕೊಂಡರು.