ಶೇಕಡ 20 ಜಾಸ್ತಿ, ಆದರೆ ಯಾರಿಗಿಂತ?

ಕಾರ್ನ್‌ಫ್ಲೇಕ್ಸ್‌ನಂಥ ತಿಂಡಿಯ (ಬ್ರೇಕ್‌ಫಾಸ್ಟ್ ಸೀರಿಯಲ್) ಜಾಹೀರಾತಿನ ಬಟ್ಟಲಲ್ಲಿ ಕಾಣುವ ಹಾಲು ಎಷ್ಟೋ ಸಲ ಹಾಲೇ ಅಲ್ಲ, ಬಿಳಿ ಅಂಟು. ನಿಜವಾದ ಹಾಲು ಸುರಿದರೆ ಲೈಟು ಸರಿಮಾಡುವಷ್ಟರಲ್ಲಿ ಫ್ಲೇಕ್ಸ್ ಮೆತ್ತಗಾಗಿಬಿಡುತ್ತವೆ. ಇದನ್ನು ಹೇಳಿದರೆ ನನ್ನ ವಿದ್ಯಾರ್ಥಿಗಳು 'ಅಯ್ಯೋ, ಮೋಸ' ಅನ್ನುತ್ತಾರೆ. ವರ್ಷಗಟ್ಟಲೆ ಕಾಪಿ, ಅಂದರೆ ಜಾಹೀರಾತಿನ ಮಾತು, ಬರೆದ ನನಗೆ ಅಂಟಿನ ಮೇಲೆ ಅಷ್ಟೇನೂ ಸಿಟ್ಟಿಲ್ಲ. ಮಾತು ಹೇಳಲಾರದ್ದನ್ನು ಚಿತ್ರದ ಕೈಲಿ ಹೇಳಿಸುತ್ತೇವಲ್ಲ, ಅದು ಇದಕ್ಕಿಂತ ದೊಡ್ಡ ಕೈಚಳಕ.

ಪಾಠಕ್ಕೆ ನಾನು ಇಟ್ಟುಕೊಂಡಿರುವುದು ಅಮೆರಿಕದಲ್ಲಿ ಕೆಲಾಗ್ ಕಂಪನಿ ಫ್ರಾಸ್ಟೆಡ್ ಮಿನಿ-ವೀಟ್ಸ್ ಎಂಬ ತನ್ನ ಸೀರಿಯಲ್‌ಗೆ ಮಾಡಿಸಿದ್ದ ಒಂದು ಟಿವಿ ಜಾಹೀರಾತು. ತರಗತಿ. 'ಪಾಠ ಎಲ್ಲಿಗೆ ನಿಲ್ಲಿಸಿದ್ವಿ?' ಅಂತ ಟೀಚರ್ ಕೇಳುತ್ತಾರೆ. ಒಬ್ಬ ಹುಡುಗ ಕೈ ಎತ್ತಿ ಪುಟ, ಪ್ಯಾರಾ ಎಲ್ಲ ಹೇಳುತ್ತಾನೆ. ಬೋರ್ಡಿನ ಮೇಲೆ ಬರೆಯುವಾಗ ಚಾಕ್ ಮುರಿಯಿತು ಅನ್ನುವುದನ್ನೂ ಬಿಡುವುದಿಲ್ಲ. ನಗು ಬರುತ್ತದೆ. ನಗುವವರು ತಕರಾರು ತೆಗೆಯುವುದಿಲ್ಲ, ಅಲ್ವಾ? ಸರಿಯಾಗಿ ಆ ಹೊತ್ತಿಗೆ ಹಿನ್ನೆಲೆಯ ದನಿ ಬರುತ್ತದೆ: ಇದನ್ನು ತಿಂದ ಮಕ್ಕಳ ಗಮನ 'ಹತ್ತಿರ ಹತ್ತಿರ ಶೇಕಡ 20ರಷ್ಟು' ಹೆಚ್ಚಿದ್ದು ಕ್ಲಿನಿಕಲ್ ಅಧ್ಯಯನದಲ್ಲಿ ಕಂಡಿದೆಯಂತೆ.

ಆ 'ಹತ್ತಿರ ಹತ್ತಿರ'ವನ್ನು ಗಮನಿಸಿ. ಸುಮ್ನೆ 20 ಅಂದಿದ್ದರೆ ಬಡಾಯಿ ಅನಿಸುತ್ತಿತ್ತು. ಚೂರು ಕಡಿಮೆ ಎಂದು ಒಪ್ಪಿಕೊಂಡ ಕೂಡಲೇ ಅಳೆದು ತೂಗಿ ಹೇಳಿದ ಹಾಗೆ ಕೇಳಿಸುತ್ತದೆ. 'ಕ್ಲಿನಿಕಲ್' ಅನ್ನುವ ಒಂದೇ ಪದ ಬಿಳಿ ಕೋಟಿನ ಡಾಕ್ಟರರನ್ನು ತೋರಿಸದೆಯೇ ತಂದು ನಿಲ್ಲಿಸುತ್ತದೆ. ಕೊನೆಗೆ ಘೋಷಣೆ: 'ಕೀಪ್ಸ್ ಎಮ್ ಫುಲ್, ಕೀಪ್ಸ್ ಎಮ್ ಫೋಕಸ್ಡ್'. ಹೊಟ್ಟೆ ತುಂಬುವುದಕ್ಕೂ ಗಮನ ನಿಲ್ಲುವುದಕ್ಕೂ ನಂಟು ಹಾಕುತ್ತಿರುವುದು ಇಲ್ಲಿ ಆ 'ಫ' ಸದ್ದು. ಕಾಪಿ ಬರೆಯುವವನಾಗಿ ನನಗೆ ಈ ಸಾಲಿನ ಮೇಲೆ ಹೊಟ್ಟೆಕಿಚ್ಚೇ ಇದೆ.

ಆದರೆ ಹೋಲಿಸಿದ್ದು ಯಾರ ಜೊತೆ? ಬೆಳಿಗ್ಗೆ ಬರೀ ನೀರು ಕುಡಿದ ಮಕ್ಕಳ ಜೊತೆ. ಟೋಸ್ಟ್ ತಿಂದವನೂ ಇಲ್ಲ, ಮೊಟ್ಟೆ ತಿಂದವನೂ ಇಲ್ಲ. 2009ರಲ್ಲಿ ಸುಳ್ಳು ಜಾಹೀರಾತುಗಳ ಮೇಲೆ ಕಣ್ಣಿಡುವ ಅಮೆರಿಕದ ಸರ್ಕಾರಿ ಸಂಸ್ಥೆ ಫೆಡರಲ್ ಟ್ರೇಡ್ ಕಮಿಷನ್ ಆ ಅಧ್ಯಯನವನ್ನು ಬಿಚ್ಚಿಟ್ಟಿತು. ಇದನ್ನು ತಿಂದ ಮಕ್ಕಳಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ಮಾತ್ರ ಏನಾದರೂ ಸುಧಾರಣೆ ಕಂಡಿತ್ತು. ಶೇಕಡ 20 ಅಥವಾ ಅದಕ್ಕಿಂತ ಜಾಸ್ತಿ ಸುಧಾರಿಸಿದ್ದು ಒಂಬತ್ತರಲ್ಲಿ ಸುಮಾರು ಒಬ್ಬ. ಕಂಪನಿ ಕಮಿಷನ್ ಜೊತೆ ರಾಜಿ ಮಾಡಿಕೊಂಡಿತು.

ಹಸಿದ ಮಕ್ಕಳ ಮಾತು ಜಾಹೀರಾತಿನಲ್ಲಿ ಇರಲೇ ಇಲ್ಲ ಅಂತಲ್ಲ, ಇತ್ತು. ಆದರೆ ಆ ತರಗತಿಯಲ್ಲಿ ಹಸಿದವರು ಯಾರೂ ಕಾಣುವುದಿಲ್ಲ. ನಮ್ಮ ಕಣ್ಣು ಹುಡುಗನನ್ನು ಅಕ್ಕಪಕ್ಕದವರ ಜೊತೆ ಹೋಲಿಸುತ್ತದೆ.

ತರಗತಿಯಲ್ಲಿ ನಾನು ಇದನ್ನು ಮೊದಲು ಸೌಂಡ್ ತೆಗೆದು ಹಾಕುತ್ತೇನೆ. ಎಲ್ಲರೂ ಬರೆಯುವುದು ಒಂದೇ: 'ಕ್ಲಾಸಿಗೇ ಚುರುಕು ಹುಡುಗ'. ಆಮೇಲೆ ಪರದೆ ಆರಿಸಿ ಬರೀ ದನಿ ಕೇಳಿಸುತ್ತೇನೆ. ಆಗ ಹಿಂದಿನ ಬೆಂಚಿನಿಂದ ಯಾರೋ ಒಬ್ಬರು ಕೇಳಿಯೇ ಕೇಳುತ್ತಾರೆ: 'ಸರ್, ಯಾರಿಗಿಂತ?'