ಗಡಿಯ ಆಚೀಚೆಯ ಹಳ್ಳಿಗಳು ಕೊಟ್ಟ ಲೆಕ್ಕ

ಹರಿಹರದ ಸೇತುವೆ ದಾಟಿದರೆ ದಾವಣಗೆರೆ ಜಿಲ್ಲೆ ಮುಗಿದು ಹಾವೇರಿ ಜಿಲ್ಲೆ ಆರಂಭವಾಗುತ್ತದೆ. ನಡುವೆ ಹರಿಯುವುದು ತುಂಗಭದ್ರೆ. ಎರಡೂ ದಡದ ಊರುಗಳ ಮಣ್ಣು, ಬೆಳೆ, ಮಾತುಗಳಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವಿಲ್ಲ. ಹೆಣ್ಣು ಕೊಟ್ಟು ತರುವ ಸಂಬಂಧವೂ ಹೊಳೆಯನ್ನು ಲೆಕ್ಕಿಸುವುದಿಲ್ಲ. ಆದರೂ ಸುಮಾರು ಹದಿನೈದು ವರ್ಷಗಳ ಹಿಂದೆ, ಕೆಲವು ಕಾಲದ ಮಟ್ಟಿಗೆ, ಈ ಗಡಿ ಒಂದು ವಿಷಯದಲ್ಲಿ ನಿರ್ಣಾಯಕವಾಗಿತ್ತು. ಉತ್ತರದ ಬಡ ಕುಟುಂಬಕ್ಕೆ ಹೃದಯದ ಶಸ್ತ್ರಚಿಕಿತ್ಸೆ ಅಥವಾ ಕ್ಯಾನ್ಸರ್ ಚಿಕಿತ್ಸೆ ಬೇಕಾದರೆ ಅದರ ಖರ್ಚನ್ನು ಸರ್ಕಾರ ಭರಿಸುತ್ತಿತ್ತು. ದಕ್ಷಿಣದವರು ಹೊಲವನ್ನೋ ಒಡವೆಯನ್ನೋ ಅಡವಿಡಬೇಕಿತ್ತು.

ಈ ಯೋಜನೆಯ ಹೆಸರು ವಾಜಪೇಯಿ ಆರೋಗ್ಯಶ್ರೀ. 2010ರ ಫೆಬ್ರವರಿಯಲ್ಲಿ ಕಲಬುರಗಿ ವಿಭಾಗದಲ್ಲಿ ಆರಂಭವಾಗಿ ಬೆಳಗಾವಿ ವಿಭಾಗಕ್ಕೆ ವಿಸ್ತರಿಸಿದ ಇದು, 2012ರಲ್ಲಿ ದಕ್ಷಿಣದ ಜಿಲ್ಲೆಗಳಿಗೂ ಬಂತು. ಉತ್ತರದಿಂದಲೇ ಆರಂಭಿಸಿದ್ದಕ್ಕೆ ಹಿನ್ನೆಲೆಯಿತ್ತು. ಡಾ. ಡಿ. ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ ಸಲ್ಲಿಸಿದ ವರದಿಯಲ್ಲಿ ರಾಜ್ಯದ 39 ತಾಲ್ಲೂಕುಗಳನ್ನು ಅತ್ಯಂತ ಹಿಂದುಳಿದವೆಂದು ಗುರುತಿಸಿತ್ತು. ಅವುಗಳಲ್ಲಿ 26 ಉತ್ತರ ಕರ್ನಾಟಕದವು.

ಸರ್ಕಾರಿ ಯೋಜನೆಯೊಂದು ನಿಜವಾಗಿ ಜೀವ ಉಳಿಸಿತೇ ಎಂದು ಪರೀಕ್ಷಿಸುವುದು ತೋರುವಷ್ಟು ಸುಲಭವಲ್ಲ. ಯೋಜನೆಗೆ ಮೊದಲಿನ ಸಾವುಗಳನ್ನೂ ನಂತರದ ಸಾವುಗಳನ್ನೂ ಹೋಲಿಸಬಹುದು, ಆದರೆ ಅಷ್ಟರಲ್ಲಿ ರಸ್ತೆ ಬಂದಿರುತ್ತದೆ, 108 ಆಂಬುಲೆನ್ಸ್ ಬಂದಿರುತ್ತದೆ, ಆ ವರ್ಷ ಮಳೆಬೆಳೆ ಚೆನ್ನಾಗಿದ್ದಿರಬಹುದು. ಬೀದರನ್ನು ಮಂಡ್ಯದೊಡನೆ ಹೋಲಿಸಿದರೆ ಯೋಜನೆಯ ಗುಣಕ್ಕಿಂತ ಆ ಎರಡು ನಾಡುಗಳ ಚರಿತ್ರೆಯೇ ಅಂಕಿಗಳಲ್ಲಿ ಎದ್ದು ಕಾಣುತ್ತದೆ. ಹೊಸ ಔಷಧವನ್ನು ಪರೀಕ್ಷಿಸುವಾಗ ಚೀಟಿ ಎತ್ತಿ ರೋಗಿಗಳನ್ನು ಎರಡು ಗುಂಪು ಮಾಡುತ್ತಾರೆ. ಯಾವ ಊರಿಗೆ ಯೋಜನೆ ಕೊಡಬೇಕೆಂದು ಚೀಟಿ ಎತ್ತುವ ಸರ್ಕಾರಗಳು ಅಪರೂಪ.

ಇಲ್ಲಿ ಆಡಳಿತದ ಗಡಿಯೇ ಆ ಚೀಟಿಯ ಕೆಲಸ ಮಾಡಿತು. ನೀರಜ್ ಸೂದ್, ಬೆಂಗಳೂರಿನ ಐಐಎಂನ ಅರ್ಣಬ್ ಮುಖರ್ಜಿ ಮತ್ತು ಅವರ ಸಹಸಂಶೋಧಕರು ಗಡಿಗೆ ಹೊಂದಿಕೊಂಡಂತೆ, ಯೋಜನೆಯಿದ್ದ 300 ಹಳ್ಳಿಗಳನ್ನೂ ಅವನ್ನು ಹೋಲುವ, ಯೋಜನೆಯಿಲ್ಲದ 272 ಹಳ್ಳಿಗಳನ್ನೂ ಆರಿಸಿಕೊಂಡು ಸುಮಾರು 60 ಸಾವಿರ ಮನೆಗಳ ಮಾಹಿತಿ ಕಲೆಹಾಕಿದರು. 2014ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪ್ರಕಟವಾದ ಅವರ ಫಲಿತಾಂಶ ಹೀಗಿತ್ತು: ಯೋಜನೆಯ ವ್ಯಾಪ್ತಿಗೆ ಬರುವ ಕಾಯಿಲೆಗಳಿಂದ, ಅಂದರೆ ಮುಖ್ಯವಾಗಿ ಹೃದ್ರೋಗ ಮತ್ತು ಕ್ಯಾನ್ಸರಿನಿಂದ, ಬಡತನ ರೇಖೆಗಿಂತ ಕೆಳಗಿನ ಕುಟುಂಬಗಳಲ್ಲಿ ಸಂಭವಿಸಿದ ಸಾವಿನ ಪ್ರಮಾಣ ಯೋಜನೆಯಿಲ್ಲದ ಹಳ್ಳಿಗಳಲ್ಲಿ ಶೇ. 0.90, ಯೋಜನೆಯಿದ್ದ ಹಳ್ಳಿಗಳಲ್ಲಿ ಶೇ. 0.32. ದೊಡ್ಡಾಸ್ಪತ್ರೆಗೆ ದಾಖಲಾದಾಗ ಕೈಯಿಂದ ಹಾಕಬೇಕಾದ ಹಣವೂ ಶೇ. 64ರಷ್ಟು ಇಳಿದಿತ್ತು.

ಅಸಮಾನತೆಯ ದೃಷ್ಟಿಯಿಂದ ನೋಡುವವರು ಇನ್ನೊಂದು ಜೊತೆ ಅಂಕಿಯನ್ನೂ ಗಮನಿಸಬೇಕು. ಯೋಜನೆಗೆ ಅರ್ಹರಲ್ಲದ, ಬಡತನ ರೇಖೆಗಿಂತ ಮೇಲಿನ ಕುಟುಂಬಗಳಲ್ಲಿ ಈ ಪ್ರಮಾಣ ಒಂದು ಕಡೆ ಶೇ. 0.56, ಇನ್ನೊಂದು ಕಡೆ ಶೇ. 0.55. ಇವರಿಗೆ ಗಡಿ ಯಾವ ವ್ಯತ್ಯಾಸವನ್ನೂ ಮಾಡಲಿಲ್ಲ. ಆದ್ದರಿಂದ ಗಡಿಯ ಆಚೀಚೆಯ ನೀರೋ ಗಾಳಿಯೋ ಬೇರೆಯಾಗಿದ್ದಿರಬೇಕು ಎಂಬ ಶಂಕೆ ಬಹುಮಟ್ಟಿಗೆ ತಾನಾಗಿಯೇ ಬಿದ್ದುಹೋಗುತ್ತದೆ. ಯೋಜನೆಯಿಲ್ಲದ ಕಡೆ ಬಡವರು ಉಳ್ಳವರಿಗಿಂತ ಹೆಚ್ಚು ಸಾಯುತ್ತಿದ್ದರು. ಯೋಜನೆಯಿದ್ದ ಕಡೆ ಆ ಅಂತರ ಅಳಿಸಿಹೋಗಿತ್ತು.

ಇಷ್ಟು ದೊಡ್ಡ ಇಳಿಕೆಯನ್ನು ಕಣ್ಣುಮುಚ್ಚಿ ಒಪ್ಪಿಕೊಳ್ಳಲು ನನ್ನ ಮನಸ್ಸು ಸ್ವಲ್ಪ ಹಿಂಜರಿಯುತ್ತದೆ. ಯೋಜನೆಯಿದ್ದ ಹಳ್ಳಿಗಳ ಬಡವರ ಸಾವಿನ ಪ್ರಮಾಣ ಅದೇ ಊರಿನ ಉಳ್ಳವರದಕ್ಕಿಂತಲೂ ಕೆಳಗಿಳಿದದ್ದು ವಿಚಿತ್ರವೇ. ಸಾವಿನ ಕಾರಣವನ್ನು ಮನೆಯವರನ್ನು ಕೇಳಿ ನಿರ್ಧರಿಸಲಾಗಿದೆ, ಹಳ್ಳಿಯಲ್ಲಿ ಎದೆನೋವಿಗೂ ಅಜೀರ್ಣಕ್ಕೂ ಒಂದೇ ಹೆಸರು ಇರುವುದುಂಟು. ಇದಕ್ಕಿಂತ ಕುತೂಹಲದ ಸಂಗತಿಯೆಂದರೆ, ಚಿಕಿತ್ಸೆ ಪಡೆದವರ ಸಂಖ್ಯೆ ಸುಮಾರು ಶೇ. 44ರಷ್ಟು ಹೆಚ್ಚಿದಂತೆ ಕಂಡರೂ ಆ ಏರಿಕೆ ಸಂಖ್ಯಾಶಾಸ್ತ್ರದ ಅಳತೆಯಲ್ಲಿ ಖಚಿತವೆನ್ನುವ ಮಟ್ಟವನ್ನು ಮುಟ್ಟಲಿಲ್ಲ. ಸಂಶೋಧಕರೂ ಇದನ್ನು ಮುಚ್ಚಿಡಲಿಲ್ಲ. ಇಳಿಕೆಯ ನಿಖರ ಗಾತ್ರದ ಬಗ್ಗೆ ವಾದ ಮಾಡಬಹುದು, ಅದರ ದಿಕ್ಕಿನ ಬಗ್ಗೆ ಕಷ್ಟ.

ಹಾಗಾದರೆ ಯಾವುದು ಕೆಲಸ ಮಾಡಿತು? ಅದೇ ಅವಧಿಯಲ್ಲಿ ಕೇಂದ್ರದ ರಾಷ್ಟ್ರೀಯ ಸ್ವಾಸ್ಥ್ಯ ಬಿಮಾ ಯೋಜನೆಯೂ ಇತ್ತು. ಒಂದು ಕುಟುಂಬಕ್ಕೆ ವರ್ಷಕ್ಕೆ 30,000 ರೂಪಾಯಿಯ ಮಿತಿಯ ಆ ಯೋಜನೆ ಜನರ ಕೈಯಿಂದ ಹೋಗುವ ಖರ್ಚನ್ನು ಹೆಚ್ಚೇನೂ ತಗ್ಗಿಸಲಿಲ್ಲವೆಂದು ಹಲವು ಅಧ್ಯಯನಗಳು ಕಂಡುಕೊಂಡಿವೆ. ಆರೋಗ್ಯಶ್ರೀ ಚಿಕ್ಕಪುಟ್ಟ ಕಾಯಿಲೆಗಳನ್ನು ಬಿಟ್ಟು, ಮನೆ ಮುಳುಗಿಸುವಂಥ ಕಾಯಿಲೆಗಳನ್ನಷ್ಟೇ ಹಿಡಿದು, ಕುಟುಂಬಕ್ಕೆ ಒಂದೂವರೆ ಲಕ್ಷ ರೂಪಾಯಿಯವರೆಗೆ ಖರ್ಚು ಭರಿಸಿತು. ಹೆಸರು ನೋಂದಾಯಿಸಬೇಕಿರಲಿಲ್ಲ, ಕಂತು ಕಟ್ಟಬೇಕಿರಲಿಲ್ಲ, ಬಿಪಿಎಲ್ ಪಡಿತರ ಚೀಟಿ ಇದ್ದರೆ ಸಾಕಿತ್ತು. ಮೇಜಿನ ಮೇಲೆ ಅರ್ಜಿಗಳು ಹೇಗೆ ಕೊಳೆಯುತ್ತವೆಂದು ಬಲ್ಲವರಿಗೆ ಇದರ ಬೆಲೆ ಗೊತ್ತು.

ಎಲ್ಲಕ್ಕಿಂತ ಮುಖ್ಯವಾದದ್ದು ಆರೋಗ್ಯ ಶಿಬಿರಗಳೆಂದು ನನಗೆ ತೋರುತ್ತದೆ. ವೇಲ್ಸ್‌ನ ಗಣಿ ಊರಿನಲ್ಲಿ ವೈದ್ಯರಾಗಿದ್ದ ಜೂಲಿಯನ್ ಟ್ಯೂಡರ್ ಹಾರ್ಟ್ 1971ರಲ್ಲಿ, ಒಳ್ಳೆಯ ವೈದ್ಯಸೇವೆ ಅದರ ಅಗತ್ಯ ಹೆಚ್ಚಿರುವಲ್ಲಿಯೇ ಕಡಿಮೆ ಸಿಗುತ್ತದೆ ಎಂಬ ತಲೆಕೆಳಗಾದ ನಿಯಮವನ್ನು ಮುಂದಿಟ್ಟಿದ್ದರು. ಯಾದಗಿರಿಯ ರೈತನ ಕೈಯಲ್ಲಿ ಉಚಿತ ಚಿಕಿತ್ಸೆಯ ಹಕ್ಕಿದ್ದರೂ ಅದನ್ನು ಕೊಡಬಲ್ಲ ದೊಡ್ಡಾಸ್ಪತ್ರೆ ನೂರಾರು ಕಿಲೋಮೀಟರು ದೂರದಲ್ಲಿದ್ದರೆ, ತನಗಿರುವುದು ಹೃದ್ರೋಗವೆಂಬುದೇ ಅವನಿಗೆ ತಿಳಿಯದಿದ್ದರೆ, ಆ ಹಕ್ಕು ಪೆಟ್ಟಿಗೆಯಲ್ಲೇ ಉಳಿಯುತ್ತದೆ. ಈ ಯೋಜನೆಯಲ್ಲಿ ಆಸ್ಪತ್ರೆಗಳು ಹಳ್ಳಿಗಾಡಿಗೆ ಬಂದು ಶಿಬಿರ ನಡೆಸಿ, ತಪಾಸಣೆ ಮಾಡಿ, ಅಗತ್ಯವಿದ್ದವರನ್ನು ನಗರದ ಆಸ್ಪತ್ರೆಗೆ ಕರೆದೊಯ್ಯುವ ಏರ್ಪಾಡಿತ್ತು. ಅಲ್ಲಿನ ಕಾಗದಪತ್ರದ ಕೆಲಸಕ್ಕೆ ನೆರವಾಗಲು ಆರೋಗ್ಯಮಿತ್ರರಿದ್ದರು. ಅದೇ ಸಂಶೋಧಕರ ನಂತರದ ಅಧ್ಯಯನದಲ್ಲಿ, ಯೋಜನೆಯಿದ್ದ ಕಡೆಯ ಜನ ರೋಗಲಕ್ಷಣ ಕಂಡಾಗ ವೈದ್ಯರ ಬಳಿ ಹೋಗುವುದು ಹೆಚ್ಚಿತ್ತೆಂದು ತಿಳಿದುಬಂತು. ಖರ್ಚಿನ ಭಯವಿದ್ದಾಗ ಜನ ಕಾಯಿಲೆಯನ್ನು ಕೇಳಿ ತಿಳಿಯಲೂ ಅಂಜುತ್ತಾರೆ.

ಆದರೆ ಇದು ಅಸಮಾನತೆಯ ಕೊನೆಯ ಮೆಟ್ಟಿಲಿನಲ್ಲಿ ನಡೆದ ಕೆಲಸ. ಮೊದಲ ಮೆಟ್ಟಿಲುಗಳ ಸ್ಥಿತಿಯನ್ನು ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಗಳು ತೋರಿಸುತ್ತವೆ. ನಾಲ್ಕನೆಯ ಸಮೀಕ್ಷೆಯಿಂದ (2015-16) ಐದನೆಯದಕ್ಕೆ (2019-21) ಬರುವಷ್ಟರಲ್ಲಿ ರಾಜ್ಯದ ಐದು ವರ್ಷದೊಳಗಿನ ಕುಂಠಿತ ಬೆಳವಣಿಗೆಯ ಮಕ್ಕಳ ಪ್ರಮಾಣ ಶೇ. 36.2ರಿಂದ 35.4ಕ್ಕೆ ಮಾತ್ರ ಇಳಿಯಿತು; ಯಾದಗಿರಿ ಜಿಲ್ಲೆಯಲ್ಲಿ ಅಂಥ ಮಕ್ಕಳು ಅರ್ಧಕ್ಕಿಂತ ಹೆಚ್ಚಿದ್ದರು. 15ರಿಂದ 49 ವಯಸ್ಸಿನ ಮಹಿಳೆಯರಲ್ಲಿ ರಕ್ತಹೀನತೆ ಶೇ. 44.8ರಿಂದ 47.8ಕ್ಕೆ ಏರಿತು. ಗರ್ಭದಲ್ಲಿರುವಾಗಲೇ ಪೋಷಣೆ ಕಡಿಮೆಯಾದ ಮಗುವಿಗೆ ಮುಂದೆ ಹೃದ್ರೋಗ, ಮಧುಮೇಹಗಳ ಅಪಾಯ ಹೆಚ್ಚೆಂಬುದು ವೈದ್ಯವಿಜ್ಞಾನಕ್ಕೆ ಗೊತ್ತಿರುವ ಸಂಗತಿ. ಅಂದರೆ ಮುಂದೊಂದು ದಿನ ಶಸ್ತ್ರಚಿಕಿತ್ಸೆಯ ಮೇಜಿಗೆ ಬರುವವರಲ್ಲಿ ಕೆಲವರು ಇಂದು ಅಂಗನವಾಡಿಯಲ್ಲಿ ಕುಳಿತಿದ್ದಾರೆ. ಶಸ್ತ್ರಚಿಕಿತ್ಸೆಗೆ ಬಿಲ್ಲು ಇರುತ್ತದೆ, ಎಣಿಸಬಹುದು. ಬಸುರಿ ಸರಿಯಾಗಿ ಉಂಡಿದ್ದರಿಂದ ಬಾರದೇ ಹೋದ ಕಾಯಿಲೆಗೆ ಬಿಲ್ಲಿಲ್ಲ, ಉದ್ಘಾಟನೆಯ ಫಲಕವೂ ಇಲ್ಲ. ಬಜೆಟ್ ಬರೆಯುವವರ ಕಣ್ಣು ಯಾವುದರ ಮೇಲೆ ಬೀಳುತ್ತದೆಂದು ಬೇರೆ ಹೇಳಬೇಕಿಲ್ಲ.

2018ರಲ್ಲಿ ಆರೋಗ್ಯ ಕರ್ನಾಟಕ ಬಂತು. ಅದೇ ವರ್ಷ ಅದು ಆಯುಷ್ಮಾನ್ ಭಾರತದೊಡನೆ ಸೇರಿ, ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಯವರೆಗಿನ ಚಿಕಿತ್ಸೆ ಎಂದಾಯಿತು. ಈಗ ತುಂಗಭದ್ರೆಯ ಎರಡೂ ದಡದವರ ಕೈಯಲ್ಲಿರುವುದು ಒಂದೇ ಕಾರ್ಡು. ಅದು ಸರಿಯಾದದ್ದೇ. ಆದರೆ ಹೊಸ ಯೋಜನೆ ಎಷ್ಟು ಜೀವ ಉಳಿಸುತ್ತಿದೆ ಎಂದು ಹೋಲಿಸಿ ನೋಡಲು, ಯೋಜನೆಯಿಲ್ಲದ ಆ 272 ಹಳ್ಳಿಗಳಂಥವು ಈಗ ಉಳಿದಿಲ್ಲ.